ಕಡ ತಂದ ಒಂದು ಗಂಟೆ

ಅಂದು ಬೆಳಿಗ್ಗೆ ಬಾಗಿಲ ಮುಂದೆ ಚಪ್ಪಲಿಗಳಿರಲಿಲ್ಲ. ಒಂಬತ್ತು ದಿನ ಮೆಟ್ಟಿಲ ತನಕ ಹರಡಿಕೊಂಡಿದ್ದ ನೆಂಟರ ಚಪ್ಪಲಿಗಳು ಹಿಂದಿನ ಸಂಜೆ ಒಂದೊಂದೇ ಜೊತೆಯಾಗಿ ತಮ್ಮ ತಮ್ಮ ಊರಿನ ದಾರಿ ಹಿಡಿದಿದ್ದವು. ಉಳಿದದ್ದು ಎರಡು ಜೊತೆ, ಅವಳದು ಮತ್ತು ಅತ್ತೆಯದು. ಗಂಡನ ಬೂಟುಗಳನ್ನು ಯಾರೋ ಚಿಕ್ಕಮ್ಮ ಒಳ್ಳೆಯದಕ್ಕೆಂದು ಕಪಾಟಿನ ಯಾವುದೋ ಮೂಲೆಗೆ ಸೇರಿಸಿಬಿಟ್ಟಿದ್ದರು. ಅವಳು ಹುಡುಕಲಿಲ್ಲ. ಸೋಮವಾರವಾಗಿತ್ತು. ಒಂಬತ್ತೂವರೆಗೆ ಕೆಲಸದ ಕಡೆ ಮೊದಲನೆಯವರು ಬರುತ್ತಾರೆ. ಅವಳು ತಲೆ ಬಾಚಿಕೊಂಡಳು.

ಅಡುಗೆಮನೆಯಲ್ಲಿ ಅತ್ತೆ ಮೂಗು ಒರೆಸಿಕೊಳ್ಳುತ್ತ ಚಹಾ ಸೋಸುತ್ತಿದ್ದರು.

"ಹೊರಟೇಬಿಟ್ಯಾ?"

"ಹೂಂ."

"ಜನ ಏನಂತಾರೆ ಅಂತ ನಾನು ಕೇಳಲ್ಲ. ಜನಕ್ಕೆ ಬೇರೆ ಕೆಲಸ ಇಲ್ಲ. ಆದ್ರೆ ಒಂದು ಸಲವಾದ್ರೂ ಅತ್ತುಬಿಟ್ಟು ಹೋಗೇ. ನಿನ್ನ ಪಾಲಿಂದೂ ನಾನೇ ಎಷ್ಟು ಅಂತ ಅಳಲಿ? ನನಗೂ ವಯಸ್ಸಾಯ್ತು."

"ಸಂಜೆ ಬಂದು ಅಳ್ತೀನಿ ಅತ್ತೆ."

"ಹಾಗೇ ಬರ್ತಾ ಸ್ವಲ್ಪ ಸೊಪ್ಪು ತಾ," ಎಂದ ಅತ್ತೆ ಸೆರಗಿಗೆ ಮತ್ತೆ ಕಣ್ಣೊತ್ತಿಕೊಂಡರು.

ಗಂಡ ಸತ್ತದ್ದು ಒಂದು ಶುಕ್ರವಾರ ಬೆಳಿಗ್ಗೆ, ಬಸ್ಸಿಗೆ ಕಾಯುತ್ತ ನಿಂತಲ್ಲೇ. ಮೂವತ್ತೇಳು ವಯಸ್ಸು. ಇದ್ದಕ್ಕಿದ್ದಂತೆ ಎದೆ ನಿಂತಿತು ಎಂದರು ಡಾಕ್ಟರು, ಅದಕ್ಕಿಂತ ಹೆಚ್ಚಿಗೆ ಹೇಳಲು ಅವರಿಗೂ ಏನಿರಲಿಲ್ಲ. ಅವಳು ವಿಶ್ವವಿದ್ಯಾಲಯದಲ್ಲಿದ್ದಾಗ ದುಃಖದ ಮೇಲೆ ಎಂಬತ್ತು ಪುಟದ ಪ್ರಬಂಧ ಬರೆದಿದ್ದಳು. ಅದರಲ್ಲಿ ಒಂದು ಸಾಲೂ ಈಗ ನೆನಪಿಗೆ ಬರುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ದವಡೆಯ ಹಾಗೆ ಮೈಯೆಲ್ಲ ಇತ್ತು. ಮುಟ್ಟಿದರೆ ಇದೆ ಎಂದು ಗೊತ್ತಾಗುತ್ತಿತ್ತು, ತನ್ನದು ಅನ್ನಿಸುತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಕೆಲಸ ಒಂದೇ ಕಡೆ. ದೊಡ್ಡಾಸ್ಪತ್ರೆಯ ಹಿಂಬದಿಗೆ ಔಷಧದ ಗೋದಾಮು, ಅದರ ಮೇಲಿನ ಮಹಡಿಯಲ್ಲಿ ಆಪ್ತಸಮಾಲೋಚನೆಯ ಕೇಂದ್ರ. ಕೆಳಗಿಂದ ಸದಾ ಸ್ಪಿರಿಟ್ಟಿನ ವಾಸನೆ ಮೇಲೇರಿ ಬರುತ್ತಿತ್ತು. ಕಷ್ಟ ಹೇಳಿಕೊಳ್ಳಲು ಬರುವವರ ಎದುರು ಕೂತು ಕೇಳುವವರು ನಾಲ್ಕು ಜನ. ಅವಳು, ಅವನು, ನರ್ಸ್ ಕೆಲಸ ಬಿಟ್ಟು ಓದಿ ಹೊಸದಾಗಿ ಸೇರಿದ್ದ ಸಿಸ್ಟರ್, ಮತ್ತು ರೇಡಿಯೊ. ಬರುವವರ ಎದುರು ತುಟಿ ಬಿಚ್ಚದೆ ಕೂರುತ್ತಿದ್ದ ರೇಡಿಯೊ ಉಳಿದ ಹೊತ್ತಿನಲ್ಲಿ ಆ ನಷ್ಟವನ್ನೆಲ್ಲ ಬಡ್ಡಿ ಸಮೇತ ತುಂಬಿಕೊಳ್ಳುತ್ತಿದ್ದುದರಿಂದ ಅವನಿಗೆ ಆ ಹೆಸರು.

ದಿನವಿಡೀ ಕೇಳುವವರ ಮಾತನ್ನು ಕೇಳಲಿಕ್ಕೂ ಒಬ್ಬರು ಬೇಕು. ಈ ಕಸುಬಿನಲ್ಲಿ ಅದು ಕಟ್ಟಳೆ. ಸೂಪರ್‌ವಿಷನ್ ಎಂದು ಅದಕ್ಕೆ ಹೆಸರು. ಹೆಸರು ಕೇಳಿದವರಿಗೆ ತಪ್ಪು ಹುಡುಕುವ ಮೇಲಧಿಕಾರಿ ಕಣ್ಣ ಮುಂದೆ ಬರುತ್ತಾನೆ. ಇಲ್ಲಿ ನಡೆಯುವುದು ಬೇರೆ. ಯಾರ ಮಾತು ನಿದ್ದೆ ಕೆಡಿಸಿತು, ಯಾರ ಮೇಲೆ ಸಿಟ್ಟು ಬಂತು, ತಾನು ಎಲ್ಲಿ ಎಡವಿದೆ ಎಂಬುದನ್ನು ಹಿರಿಯರೊಬ್ಬರ ಎದುರು ಬಿಚ್ಚಿಟ್ಟು, ಕೂಡಿ ನೋಡಿ, ಹಗುರಾಗಿ ವಾಪಸ್ಸು ಬರುವುದು. ಬಿಚ್ಚಿಟ್ಟದ್ದು ಆ ಬಾಗಿಲು ದಾಟುವುದಿಲ್ಲ.

ಆ ಹಿರಿಯರು ದೊಡ್ಡಮ್ಮ. ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ರೋಗಿಗಳ ಮನೆಯವರನ್ನು ನೋಡಿಕೊಂಡು ನಿವೃತ್ತರಾದ ಹೆಂಗಸು. ಅವರು ಯಾರಿಗೂ ದೊಡ್ಡಮ್ಮನಲ್ಲ. ಮನೆಗೆ ಬಂದ ದೊಡ್ಡಮ್ಮನ ಹಾಗೆ ಒಳಹೊರಗೆಲ್ಲ ಕೇಳುತ್ತಾರೆ ಎಂದು ರೇಡಿಯೊ ಇಟ್ಟ ಹೆಸರು ನಿಂತುಬಿಟ್ಟಿತ್ತು. ಗುರುವಾರಕ್ಕೊಮ್ಮೆ ಬಂದು ಮೂರರಿಂದ ನಾಲ್ಕರ ತನಕ ಒಬ್ಬರೊಡನೆ ಕೂರುತ್ತಿದ್ದರು. ನಾಲ್ಕು ಜನಕ್ಕೆ ನಾಲ್ಕು ಗುರುವಾರ, ತಿಂಗಳಿಗೆ ತಲಾ ಒಂದು ಗಂಟೆ. ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಮ್ಮನ ಮೊದಲ ಮಾತು ಯಾವಾಗಲೂ "ಏನು ತಂದೆ?", ಏಳುವಾಗಿನ ಮಾತು "ಏನು ತರದೆ ಬಿಟ್ಟೆ?" ಸೂಪರ್‌ವಿಷನ್ನಿಗೆ ಬರುವವರಲ್ಲಿ ಹೆಚ್ಚಿನವರು ಏನನ್ನಾದರೂ ಮುಚ್ಚಿಟ್ಟೇ ಹೋಗುತ್ತಾರೆ ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. "ಉಳಿದವರು ಅಧ್ಯಯನ ಮಾಡೋರ ಹತ್ರಾನೂ ಮುಚ್ಚಿಟ್ಟಿರ್ತಾರೆ, ಅಷ್ಟೆ," ಎನ್ನುತ್ತಿದ್ದರು ದೊಡ್ಡಮ್ಮ.

ಸೋಮವಾರ ಅವಳು ಮೇಲೆ ಬಂದಾಗ ಮೂವರು ಕೂರುವ ಬೆಂಚಿನ ಮೇಲೆ ಒಬ್ಬನೇ ಹರಡಿಕೊಂಡಿದ್ದ ರೇಡಿಯೊ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ. ಅವನ ಬಾಯಿಂದ ಮಾತು ಹೊರಡದೇ ಇದ್ದದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಪರವಾಗಿಲ್ಲ ಕೂತ್ಕೊ," ಎಂದು ಹೇಳಿ ಅವಳು ಗೋಡೆಯತ್ತ ತಿರುಗಿದಳು.

ಗೋಡೆಯ ಮೇಲೆ ಗುರುವಾರದ ಸರದಿಯ ಹಾಳೆ ಇತ್ತು. ಪ್ರತಿ ತಿಂಗಳೂ ಅದನ್ನು ಗೀಟು ಹಾಕಿ ಬರೆಯುತ್ತಿದ್ದವನು ಅವಳ ಗಂಡನೇ. ಅವನು ಸಾಯುವ ಹಿಂದಿನ ದಿನದ ಗುರುವಾರ ಸಿಸ್ಟರದು. ಆದರೆ 'ಸಿಸ್ಟರ್' ಎಂಬುದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಅವನ ಓರೆ ಅಕ್ಷರದಲ್ಲಿ 'ನಾನು' ಎಂದು ಬರೆದಿತ್ತು.

ಅದರ ಹಿಂದಿನ ಗುರುವಾರವಷ್ಟೇ ಅವನ ಸರದಿ ಮುಗಿದಿತ್ತು. ವಾರದೊಳಗೆ ಇನ್ನೊಂದು ಗಂಟೆ ಯಾಕೆ ಬೇಕಾಯಿತು? ಅಂದು ರಾತ್ರಿ ಮನೆಯಲ್ಲೂ ಅವನು ಹೇಳಿರಲಿಲ್ಲ. ಅಂದು ಮೂರರಿಂದ ನಾಲ್ಕರ ತನಕ ಅವಳು ಗೋಡೆಯಾಚೆಯ ಕೋಣೆಯಲ್ಲೇ ಇದ್ದಳು.

ಆಮೇಲೆ ಬುಧವಾರದ ಸಂಜೆ ನೆನಪಾಯಿತು. ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅವನು ಬಂದು ಬಾಗಿಲಿಗೊರಗಿ ನಿಂತ.

"ಒಂದು ಮಾತು ಹೇಳ್ಬೇಕಿತ್ತು ಕಣೇ."

"ಕೆಲಸದ್ದಾ, ಮನೇದಾ?" ಮನೆಗೆ ಬಂದ ಮೇಲೆ ಕೆಲಸದ ಮಾತು ಬೇಡವೆಂದು ಅವರಿಬ್ಬರ ನಡುವೆ ಒಪ್ಪಂದವಿತ್ತು.

ಅವನು ಸ್ವಲ್ಪ ಯೋಚಿಸಿ, "ಎರಡೂ," ಎಂದ.

"ಹಾಗಾದ್ರೆ ನಾಳೆ ಗುರುವಾರ. ಹೋಗಿ ದೊಡ್ಡಮ್ಮನ ಹತ್ರ ಹೇಳು," ಎಂದು ಅವಳು ನಕ್ಕಿದ್ದಳು. ಅವನೂ ನಕ್ಕ. ತಟ್ಟೆಗಳನ್ನು ಒರೆಸಿಟ್ಟ.

ತಮಾಷೆಗೆ ಹೇಳಿದ್ದನ್ನು ಅವನು ನಿಜವಾಗಿ ಮಾಡಿದ್ದ.

ಮಧ್ಯಾಹ್ನ ಚಹಾದ ಮೂಲೆಯಲ್ಲಿ ಸಿಸ್ಟರ್ ಸಿಕ್ಕರು. ಅವಳಿಗಿಂತ ಹತ್ತು ವರ್ಷ ದೊಡ್ಡವರು, ಹದಿನೈದು ವರ್ಷ ವಾರ್ಡಿನಲ್ಲಿ ದುಡಿದವರು, ಆದರೂ ಈ ಕೆಲಸಕ್ಕೆ ತಾವು ಹೊಸಬರೆಂದು ಅವಳನ್ನು ಮೇಡಂ ಎನ್ನುತ್ತಿದ್ದರು.

"ಸಿಸ್ಟರ್, ಆ ಗುರುವಾರ ನಿಮ್ಮ ಗಂಟೆ ಅವನು ತಗೊಂಡನಾ?"

ಸಿಸ್ಟರ್ ಲೋಟವನ್ನು ಕೆಳಗಿಟ್ಟರು. "ಹೂಂ ಮೇಡಂ. ಎರಡೂಮುಕ್ಕಾಲಿಗೆ ಬಂದ್ರು. ಸಿಸ್ಟರ್, ಒಂದು ಗಂಟೆ ಕಡ ಕೊಡ್ತೀರಾ, ಮುಂದಿನ ತಿಂಗಳು ನನ್ನ ಗಂಟೆ ನಿಮ್ಮದು ಅಂದ್ರು. ಕೊಟ್ಟೆ."

"ಯಾಕೆ ಅಂತ ಹೇಳಿದನಾ?"

"ಮನೇಲಿ ಹೇಳ್ಬೇಕಾದ ಮಾತೊಂದಿದೆ, ಮೊದಲು ಎಲ್ಲಾದ್ರೂ ಹೇಳಿ ನೋಡ್ಬೇಕು ಅಂದ್ರು."

"ಮುಖ ಹೇಗಿತ್ತು?"

ಸಿಸ್ಟರ್ ನರ್ಸಿನ ಹಾಗೇ ಉತ್ತರಿಸಿದರು. "ಬಣ್ಣ ಸರಿಯಾಗಿತ್ತು. ಬೆವರಿರಲಿಲ್ಲ. ಉಸಿರು ಸರಿಯಾಗಿತ್ತು. ನಗ್ತಾನೇ ಇದ್ರು." ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. "ಅದನ್ನೇ ದಿನಾ ಯೋಚನೆ ಮಾಡ್ತೀನಿ ಮೇಡಂ. ಹದಿನೈದು ವರ್ಷ ಎಷ್ಟು ಮುಖ ನೋಡಿದೀನಿ. ಇಷ್ಟು ಹತ್ರ ನಿಂತಿದ್ರು. ನನಗೆ ಗೊತ್ತಾಗ್ಲಿಲ್ಲವಲ್ಲ."

"ಯಾರಿಗೂ ಗೊತ್ತಾಗ್ಲಿಲ್ಲ," ಎಂದಳು ಅವಳು. ಸಮಾಧಾನ ಹೇಳಬೇಕಾದ ಜಾಗದಲ್ಲಿ ಬಾಯಿ ತಾನೇ ಹೇಳಿದ ಮಾತು ಅದು. ಅವಳ ಮನಸ್ಸು ಆಗಲೇ ಬೇರೆ ಕಡೆ ಓಡಿತ್ತು. ಅವನು ಹೇಳಬೇಕೆಂದಿದ್ದ ಮಾತು ಎಲ್ಲೂ ಹೋಗಿಲ್ಲ. ಒಬ್ಬರ ಹೊಟ್ಟೆಯಲ್ಲಿ ಪೂರಾ ಹಾಗೇ ಇದೆ.

ಆದರೆ ಆ ಹೊಟ್ಟೆ ಬಾವಿ ಇದ್ದ ಹಾಗೆ. ಬಿದ್ದದ್ದು ಮೇಲೆ ಬರುವುದಿಲ್ಲ. ಮನೆಗೆ ಮಾತಾಡಿಸಲು ಬಂದ ದಿನ ದೊಡ್ಡಮ್ಮ ಅತ್ತೆಯ ಪಕ್ಕ ಕೂತು ಒಂದು ಬುಟ್ಟಿ ಅವರೆಕಾಯಿ ಸುಲಿದುಕೊಟ್ಟು ಹೋಗಿದ್ದರು. ಆ ಗುರುವಾರದ ಮಾತೇ ಎತ್ತಿರಲಿಲ್ಲ.

ಸಾವಿನ ಮನೆಯ ವಾರದಲ್ಲಿ ತಪ್ಪಿಹೋಗಿದ್ದ ಅವಳ ಸರದಿಯನ್ನು ಈ ಗುರುವಾರಕ್ಕೆ ಇಟ್ಟುಕೊಟ್ಟಿದ್ದರು. ಮೂರು ಗಂಟೆಗೆ ಅವಳು ಒಳಗೆ ಹೋಗಿ ಕೂತಳು. ನೇರವಾಗಿ ಕೇಳಿಬಿಡಬೇಕೆಂದು ಬಸ್ಸಿನಲ್ಲಿ ವಾಕ್ಯವನ್ನು ಜೋಡಿಸಿಕೊಂಡು ಬಂದಿದ್ದಳು.

"ಏನು ತಂದೆ?"

"ಹೊಸಬರೊಬ್ರು ಬಂದಿದಾರೆ ದೊಡ್ಡಮ್ಮ," ಎಂದುಬಿಟ್ಟಳು.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಒಂಬತ್ತು ವರ್ಷ ಆ ಕುರ್ಚಿಯಲ್ಲಿ ಕೂತು ಬೇರೆಯವರ ಕತೆಯನ್ನೇ ಹೇಳಿದ ನಾಲಿಗೆ. ಬರುವವರ ಗುರುತು ಸಿಗಬಾರದೆಂದು ವಯಸ್ಸು, ಕೆಲಸ ಬದಲಿಸಿ ಹೇಳುವುದು ರೂಢಿ. ಅದನ್ನೂ ನಾಲಿಗೆಯೇ ಮಾಡಿತು. "ನಲವತ್ತೈದು ವಯಸ್ಸು. ಹೊಲಿಗೆ ಕೆಲಸ. ಗಂಡ ತೀರಿಕೊಂಡು ಸ್ವಲ್ಪ ದಿನ ಆಗಿದೆ."

ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೂಂ. ಹೊಲಿಗೆಯೋಳು. ಹೇಳು."

"ಗಂಡ ಸಾಯೋ ಮುಂಚೆ ಡಾಕ್ಟರ ಹತ್ರ ಒಂದು ಗಂಟೆ ಮಾತಾಡಿದಾನೆ. ಏನು ಮಾತಾಡಿದ ಅಂತ ಅವಳಿಗೆ ಬೇಕು. ಡಾಕ್ಟರು ಬಾಯಿ ಬಿಡ್ತಿಲ್ಲ."

"ಅವಳು ಕೇಳಿದಾಳಾ?"

"ಇಲ್ಲ."

"ಕೇಳದೆ ಡಾಕ್ಟರು ಹೇಗೆ ಬಾಯಿ ಬಿಡ್ತಾರೆ? ಅವರೇನು ಕಣಿ ಹೇಳೋರಾ?"

ಕೆಳಗೆ ಗೋದಾಮಿನಲ್ಲಿ ಯಾರೋ ಪೆಟ್ಟಿಗೆಗಳನ್ನು ಎಳೆಯುತ್ತಿದ್ದರು.

"ಗೊತ್ತಾದ್ರೆ ಏನಾಗುತ್ತೆ ಅವಳಿಗೆ?" ಎಂದರು ದೊಡ್ಡಮ್ಮ.

"ಅವಳನ್ನ ಬಿಟ್ಟು ಹೋಗ್ಬೇಕು ಅಂತಿದ್ನಾ ಅಂತ ಗೊತ್ತಾಗುತ್ತೆ. ಇಲ್ಲ, ಮಗು ಬೇಕು ಅಂತಿದ್ನಾ. ಐದು ವರ್ಷ ಅವಳೇ ಬೇಡ ಬೇಡ ಅಂದಿದ್ಲು. ಇಲ್ಲ, ಎದೆನೋವಿತ್ತಾ."

"ಮೂರರಲ್ಲಿ ಯಾವುದಾದ್ರೆ ನಿದ್ದೆ ಬರುತ್ತೆ?"

"ಯಾವುದಾದ್ರೂ ಸರಿ. ಈಗ ಮೂರೂ ಒಟ್ಟಿಗೆ ಬಂದು ಪಕ್ಕದಲ್ಲಿ ಮಲಗ್ತಾವೆ."

"ಸರಿ. ಅವಳ ಕತೆ ಅಲ್ಲಿಗಿರಲಿ." ದೊಡ್ಡಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಇಲ್ಲಿ ಮಾತು ಯಾವಾಗಲೂ ಒಮ್ಮೆ ಬಂದವರಿಂದ ಕೇಳುವವರ ಕಡೆಗೆ ಹೊರಳುತ್ತದೆ. ಅದು ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಅವಳ ಎದುರು ಕೂತಾಗ ನಿನಗೇನಾಗುತ್ತೆ?"

"ಏನೂ ಆಗಲ್ಲ. ಗಡಿಯಾರ ನೋಡ್ತೀನಿ. ಎದ್ದು ಹೋದ್ರೆ ಸಾಕು ಅನ್ಸುತ್ತೆ."

"ಅಳ್ತಾಳಾ?"

"ಒಂದು ಹನಿ ಇಲ್ಲ."

"ಅದರಿಂದ ಯಾರಿಗೆ ತೊಂದರೆ?"

"ಅವಳ ಅತ್ತೆಗೆ."

ದೊಡ್ಡಮ್ಮ ನಕ್ಕುಬಿಟ್ಟರು. ಅವಳ ತುಟಿಯೂ ಒಂದಿಷ್ಟು ಅಲುಗಿತು.

"ಅವಳನ್ನ ಕಂಡ್ರೆ ಸಿಟ್ಟಾ ನಿನಗೆ?"

"ಹೌದು." ಉತ್ತರ ಇಷ್ಟು ಬೇಗ ಬಂದದ್ದು ಅವಳಿಗೇ ಆಶ್ಚರ್ಯ. "ಹೇಳ್ತೀನಿ ಅಂತ ಬಾಗಿಲಿಗೆ ಬಂದು ನಿಂತವನನ್ನ ಹೋಗಿ ಬೇರೆಯವರ ಹತ್ರ ಹೇಳು ಅಂತ ಕಳಿಸಿದ್ಲು. ದೊಡ್ಡ ತಮಾಷೆ ಮಾಡ್ದೆ ಅಂದ್ಕೊಂಡ್ಲು. ಇಡೀ ದಿನ ಕಂಡೋರ ಕಷ್ಟ ಕೇಳ್ತಾಳೆ, ಮನೇಲಿ ಐದು ನಿಮಿಷ ಇರಲಿಲ್ಲ."

ಹೊಲಿಗೆಯವಳು ಇಡೀ ದಿನ ಕಂಡವರ ಕಷ್ಟ ಯಾಕೆ ಕೇಳುತ್ತಾಳೆಂದು ದೊಡ್ಡಮ್ಮ ಕೇಳಲಿಲ್ಲ. ಒಬ್ಬರಿಗೆ ಗೊತ್ತಿದೆಯೆಂದು ಇನ್ನೊಬ್ಬರಿಗೆ ಗೊತ್ತಿತ್ತು. ಆದರೂ ಅಡ್ಡಗೋಡೆಯ ಮೇಲೆ ಇಟ್ಟ ದೀಪವನ್ನು ಇಬ್ಬರೂ ಕೆಳಗಿಳಿಸಲಿಲ್ಲ. ಅವಳಿಗೆ ಆ ಗೋಡೆ ಬೇಕಿತ್ತು. ದೊಡ್ಡಮ್ಮ ಅದಕ್ಕೆ ಒರಗಿಕೊಳ್ಳಲು ಬಿಟ್ಟರು.

"ಆ ಡಾಕ್ಟರ ಪಾಡೂ ಸ್ವಲ್ಪ ನೋಡು," ಎಂದರು ಕೊನೆಗೆ. "ಹೇಳಿದ್ರೆ ಸತ್ತವನಿಗೆ ಕೊಟ್ಟ ಮಾತು ಹೋಯ್ತು. ಹೇಳದಿದ್ರೆ ಬದುಕಿರೋಳು ಕಣ್ಣೆದುರಿಗೇ ಒಣಗ್ತಾಳೆ. ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ. ನಾನಾಗಿದ್ರೆ ಒಬ್ಬಳೇ ತೀರ್ಮಾನ ಮಾಡ್ತಿರಲಿಲ್ಲ. ನನಗೂ ಒಬ್ರು ಹಿರಿಯರಿದಾರೆ ಕಣೇ, ಎಂಬತ್ತೆರಡು ವಯಸ್ಸು, ಇನ್ನೂ ನನ್ನನ್ನ ಬೈತಾರೆ. ಆ ಡಾಕ್ಟರಿಗೂ ಯಾರಾದ್ರೂ ಇರ್ತಾರೆ. ಯಾವ ಮಾತು ಯಾರ ಪಾಲಿಂದು ಅಂತ ಕೇಳಿಕೊಂಡು ಬರಲಿ. ಹದಿನೈದು ದಿನ ಕೊಡು."

ಅವಳ ಎದೆ ಹೊಡೆದುಕೊಂಡಿತು. ಎಷ್ಟೋ ದಿನದ ಮೇಲೆ ಅದು ತನ್ನದೇ ಎದೆ ಅನ್ನಿಸಿತು.

"ಮುಂದಿನ ಗುರುವಾರ ರೇಡಿಯೊದು. ಅದರ ಮುಂದಿಂದು…"

"ಅವನದು. ಈಗ ಖಾಲಿ. ಅವತ್ತು ಬರಹೇಳು ನಿನ್ನ ಹೊಲಿಗೆಯೋಳನ್ನ. ಮಾರನೇ ದಿನ ನನ್ನ ಕಣ್ಣಿನ ಆಪರೇಷನ್ ಇದೆ. ಆಮೇಲೆ ಎರಡು ತಿಂಗಳು ನಾನು ಈ ಕಡೆ ಬರಲ್ಲ."

ಆ ಗಂಟೆ ಖಾಲಿಯಲ್ಲ, ಸಿಸ್ಟರಿಗೆ ಸೇರಬೇಕಾದದ್ದು ಎಂದು ಅವಳಿಗೆ ಗೊತ್ತಿತ್ತು.

"ಏನು ತರದೆ ಬಿಟ್ಟೆ?" ಏಳುತ್ತ ಕೇಳಿದರು ದೊಡ್ಡಮ್ಮ.

"ಏನೂ ಇಲ್ಲ," ಎಂದಳು ಅವಳು.

ಹದಿನೈದು ದಿನ ಎಷ್ಟು ಉದ್ದ ಎಂಬುದು ಕಾದವರಿಗೇ ಗೊತ್ತು. ಸಂಜೆ ಕೇಂದ್ರ ಖಾಲಿಯಾದ ಮೇಲೆ ಅವಳು ಅವನ ಕೋಣೆಗೆ ಹೋಗುತ್ತಿದ್ದಳು. ಅವನ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಎದುರಿನ, ಬರುವವರ ಕುರ್ಚಿಯಲ್ಲಿ ಕೂರುತ್ತಿದ್ದಳು. ಅಲ್ಲಿಂದ ಕಿಟಕಿಯಾಚೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಅವನ ಕುರ್ಚಿಯ ಮೆತ್ತೆ ಎಡಗಡೆಗೆ ತಗ್ಗಿತ್ತು, ಅವನು ಕೇಳುವಾಗ ಎಡಕ್ಕೆ ವಾಲುತ್ತಿದ್ದ. ಮೂರು ವರ್ಷ, ಐದು ವರ್ಷ ಇಲ್ಲಿಗೆ ಬಂದುಹೋದ ಯಾರ್ಯಾರಿಗೋ ಆ ವಾಲುವಿಕೆ ಪೂರ್ತಿ ಒಂದು ಗಂಟೆ ಸಿಕ್ಕಿತ್ತು. ಅವರ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ಇದೇನು ಹುಚ್ಚು ಎಂದುಕೊಂಡು ಎದ್ದು ಕಿಟಕಿ ಮುಚ್ಚಿದಳು. ಮರುದಿನ ಮತ್ತೆ ಬಂದು ಕೂತಳು.

ಅವಳ ಮುಖ ನೋಡಿ ಮನೆಯಲ್ಲಿ ಅತ್ತೆ ಏನೋ ವಾಸನೆ ಹಿಡಿದರು. ಕೇಳಿ ಕೇಳಿ ಬಾಯಿ ಬಿಡಿಸಿದರು.

"ಆಯಮ್ಮ ಹೇಳಿದ್ರೆ ನನಗೂ ಹೇಳ್ತೀಯಾ?"

"ನಿಮ್ಮ ಬಗ್ಗೆ ಏನಾದ್ರೂ ಇದ್ರೆ ಹೇಳ್ತೀನಿ."

"ನನ್ನ ಬಗ್ಗೆ ಏನಿರುತ್ತೆ? ಬೈದಿರ್ತಾನೆ. ಎಲ್ಲದಕ್ಕೂ ಮೂಗು ತೂರಿಸ್ತಾಳೆ ಅಂತ." ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಿದರು. "ಬೈದಿದ್ರೂ ಹೇಳು. ಅವನು ಬೈದದ್ದು ಹೊಸದಾಗಿ ಒಂದಿದ್ರೆ ಕೇಳ್ಬೇಕು ಅನ್ಸುತ್ತೆ."

ಆ ದಿನಗಳಲ್ಲಿ ಸಿಸ್ಟರ್ ಅವಳ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದರು. ಅವಳೂ ಹಾಗೇ. ಹಾಳೆಯಲ್ಲಿ ಅವನ ಗುರುವಾರದ ಮೇಲೆ ಸಿಸ್ಟರ್ ತಮ್ಮ ಹೆಸರು ಬರೆದುಕೊಳ್ಳಲಿಲ್ಲ. ಅವಳೂ ಬರೆಯಿರಿ ಅನ್ನಲಿಲ್ಲ.

ಕೊನೆಗೆ ಆ ಗುರುವಾರ ಬಂತು. ಎರಡು ಗಂಟೆಗೇ ಅವಳು ತನ್ನ ಕೋಣೆಯಲ್ಲಿ ಸಿದ್ಧವಾಗಿ ಕೂತಿದ್ದಳು. ಎರಡೂಕಾಲಿಗೆ ಬಾಗಿಲು ತಟ್ಟಿದ ಸದ್ದಾಯಿತು. ಸಿಸ್ಟರ್. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದ.

"ಆಫೀಸಿಗೆ ಕೊಡೋಕೆ ಹೊರಟಿದ್ದೆ. ನಿಮಗೆ ಹೇಳಿ ಹೋಗೋಣ ಅಂತ ಬಂದೆ ಮೇಡಂ. ನಾನು ವಾಪಸ್ ವಾರ್ಡಿಗೆ ಹೋಗ್ತೀನಿ. ಇದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ."

"ಕೂತ್ಕೊಳ್ಳಿ. ಏನಾಯ್ತು?"

ಸಿಸ್ಟರ್ ನಿಂತೇ ಹೇಳಿದರು. ಮಗು ಕಳೆದುಕೊಂಡ ಒಬ್ಬ ಹುಡುಗಿ ಅವರ ಹತ್ತಿರ ಬರುತ್ತಿದ್ದಳು. ಎರಡನೇ ಸಲ ಬಂದಾಗಲೇ ಸಿಸ್ಟರ್ ತಮ್ಮ ಸ್ವಂತ ಫೋನಿನ ನಂಬರು ಕೊಟ್ಟಿದ್ದರು. ಕೊಡಬಾರದೆಂದು ಪುಸ್ತಕದಲ್ಲಿ ಓದಿದ್ದರು, ಪರೀಕ್ಷೆಯಲ್ಲಿ ಬರೆದೂ ಇದ್ದರು. ಅಂದಿನಿಂದ ದಿನಾ ಸಂಜೆ ಏಳಕ್ಕೆ ಫೋನು, ಒಂದು ಗಂಟೆ, ಒಂದೂವರೆ ಗಂಟೆ.

"ವಾರ್ಡಲ್ಲಿ ಬೆಲ್ ಆದ್ರೆ ಓಡ್ಬೇಕು. ಕಾಲಿಗೆ ಅದೇ ಅಭ್ಯಾಸ. ನಮ್ಮ ಮನೆಯವರು ಹೇಳಿದ್ರು, ಆ ಹುಡುಗೀನ ಮನೆಗೆ ಕರ್ಕೊಂಡು ಬಾ, ನಾನು ಆಸ್ಪತ್ರೆಗೆ ಹೋಗಿ ಮಲಗ್ತೀನಿ ಅಂತ. ನಿನ್ನೆ ತೆಗೀಲಿಲ್ಲ ಮೇಡಂ. ಹನ್ನೊಂದು ಸಲ ಬಡ್ಕೊಂತು. ಇವತ್ತು ಹನ್ನೊಂದು ಗಂಟೆಗೆ ಅವಳು ಬರ್ಬೇಕಿತ್ತು. ಬರಲಿಲ್ಲ."

"ಮೊದಲು ಫೋನ್ ಮಾಡಿ. ಕೇಂದ್ರದ ಫೋನಿಂದ. ಈಗಲೇ."

ಫೋನು ಎತ್ತಿದ್ದು ಹುಡುಗಿಯ ತಾಯಿ. ಮಗಳು ಊಟ ಮಾಡಿ ಮಲಗಿದ್ದಾಳೆ, ತಾನು ಪಕ್ಕದಲ್ಲೇ ಇದ್ದೇನೆ, ಸಿಸ್ಟರಮ್ಮ ಫೋನ್ ತೆಗೆಯಲಿಲ್ಲವೆಂದು ಸಿಟ್ಟು, ನಾಳೆ ಹನ್ನೊಂದಕ್ಕೆ ಕರೆದುಕೊಂಡು ಬರುತ್ತೇನೆ ಎಂದರು. ಸಿಸ್ಟರ್ ಆಗ ಕುಳಿತರು.

"ದೊಡ್ಡಮ್ಮನಿಗೆ ಹೇಳಿರಲಿಲ್ವಾ?"

"ಆ ಗುರುವಾರ ಹೇಳ್ಬೇಕು ಅಂತ ಬರ್ಕೊಂಡು ಬಂದಿದ್ದೆ. ಬೆಂಚಿನ ಮೇಲೆ ಕೂತಿದ್ದೆ, ಕೈ ತಣ್ಣಗಾಗಿತ್ತು. ಅಷ್ಟರಲ್ಲಿ ಸರ್ ಬಂದು ಗಂಟೆ ಕೇಳಿದ್ರು. ಬದುಕಿದೆ ಅನ್ನಿಸ್ತು ಮೇಡಂ. ಅವರಿಗೆ ಅವಸರ ಇತ್ತು ಅಂತ ನಾನು ಕೊಟ್ಟಿದ್ದಲ್ಲ. ತಪ್ಪಿಸ್ಕೊಳ್ಳೋಕೆ ಕೊಟ್ಟೆ." ಅವರು ಕಾಗದದ ಮಡಿಕೆಯನ್ನು ಉಗುರಿನಿಂದ ತೀಡಿದರು. "ನಾಳೆ ಅವಳು ಬಂದು ಎದುರಿಗೆ ಕೂತ್ರೆ ಏನು ಹೇಳಲಿ? ನನಗೆ ಬಾಯೇ ಬರಲ್ಲ."

ಗಡಿಯಾರದಲ್ಲಿ ಎರಡೂ ಮೂವತ್ತೈದು. ಅವಳು ಬೇಗ ಬೇಗ ಲೆಕ್ಕ ಹಾಕಿದಳು. ಇಪ್ಪತ್ತು ನಿಮಿಷದಲ್ಲಿ ತಾನೇ ಇದನ್ನು ಸರಿಮಾಡಬಹುದು. ಆಮೇಲೆ ಮೂರಕ್ಕೆ ತನ್ನ ಪಾಡಿಗೆ ತಾನು ದೊಡ್ಡಮ್ಮನ ಕೋಣೆಗೆ ಹೋಗಬಹುದು.

"ನನಗೆ ಹೇಳಿ ನೋಡಿ. ನಾನೇ ಆ ಹುಡುಗಿ ಅಂದ್ಕೊಳ್ಳಿ." ಕಷ್ಟದ ಮಾತನ್ನು ಆಡುವ ಮುಂಚೆ ಹೀಗೆ ಆಡಿ ನೋಡುವುದು ಈ ಕಸುಬಿನವರ ಪದ್ಧತಿ. ಎಷ್ಟೋ ಸಲ ಅವಳು ಮಾಡಿಸಿದ್ದಳು.

ಸಿಸ್ಟರ್ ಬೆನ್ನು ನೆಟ್ಟಗೆ ಮಾಡಿಕೊಂಡರು. "ನೋಡಮ್ಮ. ನಾನು ನಿನಗೆ ನಂಬರು ಕೊಟ್ಟಿದ್ದು ನನ್ನ ತಪ್ಪು, ನಿನ್ನದಲ್ಲ. ನಾಳೆಯಿಂದ ಸಂಜೆ ಹೊತ್ತು ನಾನು ಫೋನ್ ತೆಗೆಯೋದಿಲ್ಲ."

ಹುಡುಗಿಯ ಮಾತನ್ನು ಅವಳು ಹೇಳಬೇಕಿತ್ತು. "ಯಾಕೆ?" ಎಂದಳು.

"ನೀನು ಇಲ್ಲಿಗೇ ಬಾ. ವಾರಕ್ಕೊಂದು ಗಂಟೆ ಪೂರ್ತಿ ನಿನಗೆ. ಆದ್ರೆ ಫೋನ್ ಮಾಡಿದ್ರೆ ತೆಗೆಯಲ್ಲ."

"ತೆಗೀರಿ," ಎಂದಳು ಅವಳು. ಅದು ಸರಿಯಾದ ಮಾತೇ, ಹುಡುಗಿ ಹಾಗೆಯೇ ಹೇಳುತ್ತಾಳೆ. "ಒಂದು ಸಲ ತೆಗೀರಿ. ಒಂದೇ ಒಂದು ಮಾತು. ಏನೂ ಕೇಳಲ್ಲ ನಾನು, ಸುಮ್ಮನೆ ಹೂಂ ಅನ್ನಿ. ಅಷ್ಟೂ ಆಗಲ್ವಾ? ನಾನು ಕೆಲಸ ಬಿಟ್ಟು ಕೂತ್ಕೋತೀನಿ. ಎಷ್ಟು ಹೊತ್ತು ಬೇಕಾದ್ರೂ ಕೂತ್ಕೋತೀನಿ. ತೆಗೀರಿ. ತೆಗಿ…"

ಅವಳ ದನಿ ಅವಳ ಹಿಡಿತದಲ್ಲಿರಲಿಲ್ಲ. ಅದು ಎಲ್ಲಿಂದ ಬರುತ್ತಿದೆಯೆಂದು ಅವಳಿಗೆ ತಿಳಿಯಲಿಲ್ಲ. ನಿಲ್ಲಿಸಲೂ ಬರಲಿಲ್ಲ. ಮುಖ ಒದ್ದೆಯಾಗಿತ್ತು. ಸಿಸ್ಟರ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಅವಳ ಕೈ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಅವರ ಮೂರು ಬೆರಳು ಅವಳ ಮಣಿಕಟ್ಟಿನ ಮೇಲಿದ್ದವು, ಕಣ್ಣು ಗೋಡೆ ಗಡಿಯಾರದ ಮೇಲಿತ್ತು.

"ಎಷ್ಟಿದೆ?" ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ.

"ತೊಂಬತ್ತಾರು," ಎಂದ ಸಿಸ್ಟರ್ ನಾಚಿ ಕೈ ಬಿಟ್ಟರು. "ಅಭ್ಯಾಸ ಮೇಡಂ."

ಇಬ್ಬರಿಗೂ ನಗು ಬಂತು. ಅವಳಿಗೆ ಅಳುವೂ ಇನ್ನೂ ಪೂರ್ತಿ ನಿಂತಿರಲಿಲ್ಲ.

"ನನ್ನ ಹತ್ರ ಆಗಲ್ಲ ಸಿಸ್ಟರ್," ಎಂದಳು ಕೊನೆಗೆ. "ನಿಮ್ಮ ಮಾತು ಕೇಳೋಕೆ ಕೂತು ನನ್ನದನ್ನೇ ಆಡಿದೆ. ಇಷ್ಟು ದಿನದಿಂದ ಬಂದೋರಿಗೆಲ್ಲ ಏನೇನು ಮಾಡಿದೀನೋ. ನಾಳೆ ಹನ್ನೊಂದಕ್ಕೆ ಮುಂಚೆ ನಿಮಗೆ ದೊಡ್ಡಮ್ಮ ಸಿಗ್ಬೇಕು."

"ಅವರು ನಾಳೆಯಿಂದ ಬರಲ್ಲವಲ್ಲ."

"ಇವತ್ತು ಬಂದಿದಾರೆ."

ಅವಳು ಮುಖ ತೊಳೆದುಕೊಂಡಳು. ಕಾರಿಡಾರಿನಲ್ಲಿ ಮೂರು ಹೊಡೆಯುವುದರಲ್ಲಿತ್ತು. ಬೆಂಚಿನ ಮೇಲಿದ್ದ ರೇಡಿಯೊ ಅವಳ ಕೆಂಪು ಕಣ್ಣು ನೋಡಿ ಏನೋ ಅನ್ನಲು ಹೋದವನು ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟ. ಸಿಸ್ಟರ್ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು.

ದೊಡ್ಡಮ್ಮ ಕಿಟಕಿಯ ಬಳಿ ಕೂತಿದ್ದರು. ಅವಳನ್ನು ಕಂಡು ಎದುರಿನ ಕುರ್ಚಿಯತ್ತ ಕೈ ತೋರಿಸಿದರು. "ಬಾ. ನಾನು ಹೋಗಿ ಕೇಳಿಕೊಂಡು ಬಂದೆ. ಚೆನ್ನಾಗಿ ಬೈಸಿಕೊಂಡೂ ಬಂದೆ. ನಿನಗೆ ಅಂತ ಒಂದಿಷ್ಟು ಮಾತಿದೆ."

ನಿನಗೆ ಎಂದರು. ಹೊಲಿಗೆಯವಳಿಗೆ ಎನ್ನಲಿಲ್ಲ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾಲ್ಕು ಹೆಜ್ಜೆ ಆಚೆ ಆ ಕುರ್ಚಿ. ಅಲ್ಲಿ ಕೂತರೆ ಅವನು ಇನ್ನೊಂದು ಸಲ ಮಾತಾಡುತ್ತಾನೆ, ಬೇರೆಯವರ ಬಾಯಿಂದಾದರೂ. ಕಾಲುಗಳು ಆಗಲೇ ಒಳಗೆ ನಡೆದಂತೆ ಅನ್ನಿಸಿತು. ನೋಡಿದರೆ ಹೊಸ್ತಿಲ ಈಚೆಯೇ ಇದ್ದವು.

"ದೊಡ್ಡಮ್ಮ, ಈ ಗಂಟೆ ಅವನದು. ಅವತ್ತಿನ ಗಂಟೆ ಸಿಸ್ಟರ ಹತ್ರ ಕಡ ತಗೊಂಡಿದ್ದ. ಇವತ್ತಿಂದನ್ನ ಅವರಿಗೆ ಕೊಡ್ತೀನಿ ಅಂತ ಹೇಳಿದ್ದ. ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ."

ದೊಡ್ಡಮ್ಮ ಅವಳ ಮುಖ ನೋಡಿದರು, ಅವಳ ಹಿಂದೆ ನಿಂತ ಸಿಸ್ಟರ ಮುಖವನ್ನೂ. "ಎರಡು ತಿಂಗಳು ಕಣೇ."

"ಗೊತ್ತು."

"ಇಲ್ಲೇ, ಒಂದು ಮಾತು ಬೇಕಾದ್ರೆ…"

"ಬೇಡ. ಬಾಗಿಲಲ್ಲಿ ಬೇಡ ದೊಡ್ಡಮ್ಮ." ಹಿಡಿದಿದ್ದ ಚೌಕಟ್ಟನ್ನು ಅವಳು ಬಿಟ್ಟಳು. "ಇಟ್ಕೊಂಡಿರಿ. ಕಣ್ಣು ಸರಿಯಾದ ಮೇಲೆ ನನ್ನ ಸರದಿಗೆ ಬರ್ತೀನಿ. ನಾನೇ ಬರ್ತೀನಿ."

ಅವಳು ಪಕ್ಕಕ್ಕೆ ಸರಿದು ಸಿಸ್ಟರ ಬೆನ್ನ ಮೇಲೆ ಕೈಯಿಟ್ಟಳು.

"ನಡೀರಿ ಸಿಸ್ಟರ್. ನಿಮ್ಮದು ಇದು. ಕೊಡೋದು ತಡ ಆಯ್ತು."

ಸಿಸ್ಟರ್ ಒಳಗೆ ಹೋಗಿ ಕುರ್ಚಿಯ ಅಂಚಿನಲ್ಲಿ ಕೂತರು. ಅವಳು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡಳು.